ಕಾಲರಿನೊಳಗಿನ ಕೆಂಪು ನಂಬರು

ಅಕ್ಕೋರ ಎಲ್ಲ ಸೀರೆಗಳಿಗೂ ಬಲಸೊಂಟದ ಹತ್ತಿರ ಅಂಗೈಯಗಲದ ತುಕ್ಕಿನ ಕಲೆ ಇತ್ತು. ದಿನಬಳಕೆಯ ಇಳಕಲ್ ಸೀರೆಯಾಗಲಿ, ಮದುವೆಮನೆಗೆ ಉಡುವ ರೇಷ್ಮೆಯಾಗಲಿ, ಆ ಕಲೆ ತಪ್ಪಿದ್ದಲ್ಲ. ಮನೆಯ ಅಷ್ಟೂ ಕೀಲಿಕೈಗಳ ಗೊಂಚಲನ್ನು ಅವರು ಅಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಒಂದೊಂದು ಕೀಲಿಕೈಗೆ ಒಂದೊಂದು ಬಣ್ಣದ ದಾರ. ನಡೆದರೆ ಝಣಝಣ. ಅವರು ಕಾಯಿಪಲ್ಯೆ ತರಲು ಹೊರಟರೆ ಓಣಿಯ ತುದಿಯ ಮನೆಯವರಿಗೂ ಗೊತ್ತಾಗುತ್ತಿತ್ತು.

ನಮ್ಮ ಕಡೆ ಅಕ್ಕೋರು ಅಂದರೆ ಸಾಲಿ ಕಲಿಸುವ ಹೆಣ್ಣುಮಕ್ಕಳು. ಇವರು ಪಾಠ ಹೇಳಿದವರಲ್ಲ, ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದವರು. ಆದರೂ ಊರಿಗೆಲ್ಲ ಅಕ್ಕೋರೇ. ನಿವೃತ್ತರಾದ ಮೇಲೆ ಸಿಂದಗಿಯಲ್ಲಿ ಸಣ್ಣದೊಂದು ಮನೆ ಕಟ್ಟಿಸಿ, ಮಹಡಿಯ ಮೇಲಿನ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ನಾನು ತಂಗಡಗಿಯವಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನೌಕರಿ ಸಿಕ್ಕು ಸಿಂದಗಿಗೆ ಬಂದಾಗ ಅವರ ಬಾಡಿಗೆಯವಳಾದೆ. ಬಂದ ಮೊದಲ ದಿನವೇ ಮೆಟ್ಟಿಲ ಕೆಳಗೆ ನಿಂತು ಕೂಗಿದರು.

"ಏನವಾ ತಂಗಿ, ಬಾಗಲಾ ಹಾಕಿದಿ?"

"ಹಾಕೇನ್ರಿ ಅಕ್ಕೋರ."

"ಚಿಲಕಾ?"

"ಅದನ್ನೂ ಹಾಕೇನ್ರಿ."

"ಕೀಲಿ?"

ನಾನು ಒಳಗಿದ್ದೀನಲ್ಲ, ಕೀಲಿ ಯಾವ ಕಡೆಯಿಂದ ಹಾಕಲಿ ಅಂತ ಬಾಯಿಗೆ ಬಂದಿತ್ತು. ನನಗೂ ಸಿಟ್ಟು ಮೂಗಿನ ತುದಿಯ ಮೇಲೆಯೇ. ಹೊಸ ಮನೆ, ಹೊಸ ಊರು ಎಂದು ನುಂಗಿಕೊಂಡೆ. ಎಂಥಾ ಸಂಶಯದ ಹೆಂಗಸಿನ ಕೈಗೆ ಸಿಕ್ಕೆನಪ್ಪಾ ಎಂದು ಅವ್ವನಿಗೆ ಫೋನು ಮಾಡಿ ಗೋಳು ಹೇಳಿಕೊಂಡದ್ದೂ ಆಯಿತು.

ಅವರು ಕೀಲಿ ಹಾಕುತ್ತಿದ್ದದ್ದು ಕಳ್ಳರಿಗಲ್ಲ, ತಮ್ಮನಿಗೆ ಎಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಅಕ್ಕೋರಿಗೆ ಒಬ್ಬ ತಮ್ಮ. ನಾವೆಲ್ಲ ಅವರನ್ನು ಮಾಮಾ ಎನ್ನುತ್ತಿದ್ದೆವು. ಕೂದಲು ಅರ್ಧ ಬೆಳ್ಳಗಾಗಿತ್ತು, ಬುದ್ಧಿ ಮಾತ್ರ ನಾಲ್ಕೈದು ವರ್ಷದ ಕೂಸಿನದು. ಹುಟ್ಟಿದಾಗಿನಿಂದಲೇ ಹಾಗೆ. ಬಾಯಲ್ಲಿ ಬರುತ್ತಿದ್ದ ಮಾತುಗಳು ಬೆರಳೆಣಿಕೆಯಷ್ಟು, ಅದರಲ್ಲಿ ಎದ್ದು ಕೇಳುತ್ತಿದ್ದದ್ದು ಎರಡು: "ಅಕ್ಕಾ", ಮತ್ತೆ "ಬಸ್ಸು". ಬಸ್ಸೆಂದರೆ ಜೀವ. ಕಂಡಕ್ಟರನ ಸೀಟಿ ಕೇಳಿದರೆ ಸಾಕು, ಉಣ್ಣುವ ಗಂಗಾಳ ಬಿಟ್ಟು ಎದ್ದುಬಿಡುತ್ತಿದ್ದರು. ಅದಕ್ಕೇ ಗೇಟಿಗೆ ಕೀಲಿ. ನೀರಿನ ಟ್ಯಾಂಕಿಗೆ ಬಗ್ಗಿ ನೋಡುತ್ತಾರೆಂದು ಅದರ ಮುಚ್ಚಳಕ್ಕೆ ಕೀಲಿ, ಗ್ಯಾಸಿನ ಗುಂಡಿ ತಿರುವುತ್ತಾರೆಂದು ಸಿಲಿಂಡರ್ ಇಟ್ಟ ಮೂಲೆಗೆ ಕೀಲಿ. ರೊಟ್ಟಿ ಬುಟ್ಟಿಗೆ ಮಾತ್ರ ಯಾವತ್ತೂ ಕೀಲಿ ಇರಲಿಲ್ಲ. ಮಾಮಾ ಹೊತ್ತುಗೊತ್ತಿಲ್ಲದೆ ಅದರೊಳಗೆ ಕೈ ಹಾಕುತ್ತಿದ್ದರು, ಅಕ್ಕೋರು ಅದಕ್ಕೆಂದೇ ಮೂರು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದರು.

ಒಮ್ಮೆ ನನಗೆ ಜ್ವರ ಬಂದು ಏಳಲಾರದೆ ಬಿದ್ದುಕೊಂಡಿದ್ದಾಗ, ಅಕ್ಕೋರು ತಮ್ಮಲ್ಲಿದ್ದ ಇನ್ನೊಂದು ಕೀಲಿಕೈಯಿಂದ ಬಾಗಿಲು ತೆಗೆದು ಬಂದು, ಜೋಳದ ನುಚ್ಚು ಮಜ್ಜಿಗೆ ಕಲಸಿ ಕುಡಿಸಿದರು. ನಾನು ಸಂಕೋಚದಿಂದ ಏನೋ ಹೇಳಹೋದರೆ ಗದರಿದರು.

"ಸುಮ್ನ ಕುಡಿ. ಕೀಲಿಕೈ ನನ್ನ ಕಡೆ ಇರಲಿಲ್ಲಂದ್ರ ನಿನ್ನ ಕೇಳಾವ್ರ ಯಾರಿದ್ರು?"

ಅವತ್ತಿನಿಂದ ಆ ಝಣಝಣ ಸದ್ದು ಕೇಳಿದರೆ ನನಗೆ ಕಿರಿಕಿರಿಯಾಗುವುದು ನಿಂತಿತು.

ಮಾಮಾ ಯಾವಾಗಲೂ ಕಾಲರ್ ಇರುವ ಅಂಗಿಯನ್ನೇ ಹಾಕಿಕೊಳ್ಳುತ್ತಿದ್ದರು. ಬನಿಯನ್ನಿನ ಮೇಲೆ ಓಡಾಡುವಂತಿಲ್ಲ, ಟೀ ಶರ್ಟಂತೂ ಮನೆಯೊಳಗೇ ಬರುವಂತಿಲ್ಲ. ಪ್ರತಿ ಅಂಗಿಯ ಕಾಲರಿನ ಒಳಮಗ್ಗುಲಲ್ಲಿ ಅಕ್ಕೋರ ಮೊಬೈಲ್ ನಂಬರು ಇರುತ್ತಿತ್ತು, ಕೆಂಪು ದಾರದಲ್ಲಿ ಅವರೇ ಕೂತು ಹೊಲಿದದ್ದು. ಹಾಸ್ಟೆಲ್ಲಿನಲ್ಲಿ ಹುಡುಗಿಯರ ಚಾದರಗಳು ಅದಲುಬದಲಾಗದಿರಲಿ ಎಂದು ಮೂಲೆಗೆ ನಂಬರು ಹೊಲಿಸುತ್ತಿದ್ದರಂತೆ. ಅದೇ ರೂಢಿ ತಮ್ಮನ ಅಂಗಿಗೂ ಬಂತು.

ದಿನಾ ಬೆಳಿಗ್ಗೆ ಪಾಠ ನಡೆಯುತ್ತಿತ್ತು.

"ಹಾದಿ ತಪ್ಪಿದ್ರ ಏನ ಮಾಡ್ಬೇಕು?"

ಮಾಮಾ ಇದ್ದಲ್ಲೇ ಕೂತುಬಿಡಬೇಕು. ಯಾರಾದರೂ ಬಂದು ಮಾತನಾಡಿಸಿದರೆ ಕಾಲರ್ ತಿರುವಿ ತೋರಿಸಬೇಕು. ಸರಿಯಾಗಿ ತೋರಿಸಿದರೆ ಒಂದು ಶೇಂಗಾ ಉಂಡಿ. ಮಾಮಾ ಉಂಡಿಯ ಆಸೆಗೆ ದಿನಕ್ಕೆ ಹತ್ತು ಸಲ ಬೇಕಾದರೂ ತೋರಿಸುತ್ತಿದ್ದರು. ಪೋಸ್ಟಿನವರಿಗೂ ತೋರಿಸುತ್ತಿದ್ದರು, ಹಾಲಿನವರಿಗೂ ತೋರಿಸುತ್ತಿದ್ದರು.

"ಅಕ್ಕೋರ, ಇನ್ನೊಂದ ನಂಬರೂ ಹೊಲೀರಲ್ಲ. ನಿಮ್ಮ ಅಕ್ಕನ ಮಗಳ ನಂಬರ್ ಆದ್ರೂ ಇರಲಿ" ಎಂದು ನಾನು ಒಮ್ಮೆ ಹೇಳಿದೆ. ಅವರ ಅಕ್ಕನ ಮಗಳು ಬಸವನ ಬಾಗೇವಾಡಿಯಲ್ಲಿದ್ದಳು, ಒಳ್ಳೆಯ ಹುಡುಗಿ.

"ಬ್ಯಾಡವಾ. ಇಬ್ಬರಿಗೆ ಹೇಳಿದ ಕೆಲಸ ನನ್ನ ಹಾಸ್ಟೆಲ್ಲಿನ್ಯಾಗ ಒಮ್ಮಿನೂ ಆಗಿಲ್ಲ. ಆಕಿ ನೋಡ್ತಾಳಂತ ಈಕಿ, ಈಕಿ ನೋಡ್ತಾಳಂತ ಆಕಿ. ನನ್ನ ತಮ್ಮ, ನನ್ನ ನಂಬರು."

ಮಾತು ಅಲ್ಲಿಗೆ ಮುಗಿಯಿತು. ಅವರ ಜೊತೆ ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ.

ಅವರ ಹಳೆಯ ಗುಂಡಿ ಫೋನು ಕೆಟ್ಟಾಗ ಬಾಗೇವಾಡಿಯ ಹುಡುಗಿ ಒಂದು ಹೊಸ ಸ್ಮಾರ್ಟ್‌ಫೋನು ತಂದುಕೊಟ್ಟಳು. ಅದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ತಂಗಿ, ಇದಕ್ಕ ಎಷ್ಟ ಬಾಗಲಾ ಅದಾವ?"

ನಾನು ನಕ್ಕೆ. ಅವರು ನಗಲಿಲ್ಲ. ಯಾರದೋ ಫೋನಿನೊಳಗೆ ಯಾರೋ ಹೊಕ್ಕು ಫೋಟೋ, ನಂಬರು ಎಲ್ಲ ಕದ್ದೊಯ್ದರೆಂದು ಟಿವಿಯಲ್ಲಿ ನೋಡಿದ್ದರು. ಸರಿ, ಸೆಟ್ಟಿಂಗ್ ತೆಗೆದು ಒಂದೊಂದನ್ನೇ ತೋರಿಸುತ್ತಾ ಹೋದೆ. ಪರದೆಗೆ ಪಿನ್. ಅದನ್ನು ನನಗೆ ಬೆನ್ನು ತಿರುಗಿಸಿ ನಿಂತು ಒತ್ತಿದರು. ಸಿಮ್ ಕಾರ್ಡಿಗೆ ಬೇರೆ ಪಿನ್, ಅಂದರೆ ಕಳ್ಳ ಅದನ್ನು ಕಿತ್ತು ಬೇರೆ ಫೋನಿಗೆ ಹಾಕಿದರೂ ನಡೆಯದು. ಬೆರಳಚ್ಚು ಇಡೋಣವೆಂದರೆ, ವರ್ಷಗಟ್ಟಲೆ ಪಾತ್ರೆ ತಿಕ್ಕಿ ಸವೆದ ಬೆರಳನ್ನು ಫೋನು ಗುರುತಿಸಲೇ ಇಲ್ಲ. ಕೊನೆಗೆ ಅವರ ಕಣ್ಣು ಚಾರ್ಜರಿನ ವಾಯರ್ ಸಿಕ್ಕಿಸುವ ತೂತಿನ ಮೇಲೆ ಬಿತ್ತು.

"ಇದೂ ಬಾಗಲಾನ?"

"ಒಂದ ನಮೂನಿ ಹೌದ್ರಿ. ಕಂಪ್ಯೂಟರಿಗೆ ಹಚ್ಚಿದ್ರ ಇಲ್ಲಿಂದನೂ ಒಳಗಿಂದೆಲ್ಲಾ ತಕ್ಕೊಬಹುದು."

"ಮತ್ತ ನೋಡ್ಕೋತ ಕುಂತೀಯಲ್ಲ? ಹಾಕ ಅದಕ್ಕೂ ಕೀಲಿ!"

ಹಾಕಿದೆ. ಪರದೆಗೆ ಕೀಲಿ ಬಿದ್ದಿರುವಾಗ ಆ ತೂತಿಗೆ ಕಂಪ್ಯೂಟರು ಬಂದರೆ ಫೋನು ಅದರ ಜೊತೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳದು, ಅಂಥದೊಂದು ಸೆಟ್ಟಿಂಗು. ಗೋಡೆಯ ಪ್ಲಗ್ಗಿಗೆ ಹಾಕಿದರೆ ಏನೂ ತಕರಾರಿಲ್ಲದೆ ಚಾರ್ಜ್ ಆಗುತ್ತಿತ್ತು. ಹಾಗಾಗಿ ಆ ಕೀಲಿ ಇದೆ ಎಂಬುದನ್ನೇ ಇಬ್ಬರೂ ಮರೆತೆವು.

ಅದು ಯುಗಾದಿ ಕಳೆದ ಮೇಲಿನ ಒಂದು ಭಾನುವಾರ. ಬಿಸಿಲು ಅಂದರೆ ಬಿಸಿಲು. ಲೈನ್ ರಿಪೇರಿ ಎಂದು ಬೆಳಿಗ್ಗೆಯೇ ಕರೆಂಟು ತೆಗೆದಿದ್ದರು, ಸಂಜೆತನಕ ಇಲ್ಲ ಎಂದು ಸುದ್ದಿ. ಓಣಿಯಲ್ಲಿದ್ದ ಒಂದೆರಡು ಇನ್ವರ್ಟರುಗಳೂ ಕೂಗಿ ಕೂಗಿ ಬಾಯಿ ಮುಚ್ಚಿದ್ದವು. ಮಧ್ಯಾಹ್ನ ಗ್ಯಾಸಿನ ಗಾಡಿ ಬಂತು. ಅಕ್ಕೋರು ಗೇಟು ತೆಗೆದರು, ಸಿಲಿಂಡರ್ ಹೊತ್ತವನು ಒಳಗೆ ಬಂದ, ಇವರು ಮೂಲೆಯ ಕೀಲಿ ತೆಗೆಯಲು ಬಗ್ಗಿದರು. ಎದ್ದು ಹೊರಗೆ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಮಾಮಾ ಇರಲಿಲ್ಲ.

ಓಣಿ ಹುಡುಕಿದೆವು, ಹಿಂದಿನ ಬಯಲು ಹುಡುಕಿದೆವು. ಎದುರು ಮನೆಯಲ್ಲಿ ಸೈಕಲ್ ರಿಪೇರಿಯ ಚಾಚಾ ಇದ್ದರು. ಅವರು ಅರ್ಧ ಊಟಕ್ಕೆ ಕೈ ತೊಳೆದು ಮೊಪೆಡ್ ಹೊರಗೆ ತೆಗೆದರು. ಅಕ್ಕೋರ ಮುಖ ಬೂದಿಯಾಗಿತ್ತು. ಕೈಯಲ್ಲಿ ಫೋನು ಹಿಡಿದು ನೋಡುತ್ತಾರೆ, ಬ್ಯಾಟರಿ ಕೆಂಪಗಾಗಿ ಇನ್ನೇನು ಆರುವಂತಿದೆ.

"ನಿನ್ನ ಕಂಪ್ಯೂಟರ್‌ದಾಗ ಚಾರ್ಜ್ ಐತೇನವಾ?"

"ಐತ್ರಿ. ಸಾಲಿ ಲ್ಯಾಪ್‌ಟಾಪ್ ನಿನ್ನಿನೇ ಫುಲ್ ಮಾಡೇನಿ."

"ಹಂಗಾದ್ರ ಇದನ್ನ ಹಚ್ಚಿ ಇದರ ಮುಂದನ ಕುಂಡ್ರು. ಯಾರರೇ ಫೋನ್ ಹಚ್ಚಿದ್ರ ಎತ್ತು. ನಾ ಹೋಗ್ತೇನಿ, ಅವ ಬ್ಯಾರೆ ಯಾರ ಕರದ್ರೂ ಬರಂಗಿಲ್ಲ, ಈ ಕೀಲಿಕೈ ಸಪ್ಪಳ ಕೇಳಿದ್ರನ ಬರಾಂವ." ಮೊಪೆಡ್ ಹತ್ತುವಾಗ ತಿರುಗಿ ನನ್ನ ಮೊಣಕೈ ಹಿಡಿದರು. "ಇದನ್ನ ಸಾಯಗೊಡಬ್ಯಾಡವ್ವಾ. ಅವನ ಅಂಗಿ ಮ್ಯಾಲೆ ಇದೊಂದ ಐತಿ."

ಬಾಳು ಕಂಡ ಆ ಹೆಂಗಸು ನನಗೆ ಕೈಮುಗಿದಂತೆ ಮಾತನಾಡಿದ್ದು ಅದೇ ಮೊದಲು.

ಮೇಲೆ ಓಡಿ ಲ್ಯಾಪ್‌ಟಾಪ್ ತೆರೆದು ವಾಯರ್ ಹಚ್ಚಿದೆ. ಏನೂ ಇಲ್ಲ. ಚಾರ್ಜಿನ ಗುರುತು ಬರಲಿಲ್ಲ. ವಾಯರ್ ಕೆಟ್ಟಿರಬೇಕೆಂದು ನನ್ನ ವಾಯರ್ ತೆಗೆದು ಹಚ್ಚಿದೆ. ಇಲ್ಲ. ಲ್ಯಾಪ್‌ಟಾಪಿನ ಇನ್ನೊಂದು ಮಗ್ಗುಲಿನ ತೂತಿಗೆ ಹಚ್ಚಿದೆ, ಊದಿ ಹಚ್ಚಿದೆ, ಸೆರಗಿನಿಂದ ಒರೆಸಿ ಹಚ್ಚಿದೆ. ಇದರ ಮನೆ ಹಾಳಾಗ! ನನ್ನ ಸ್ವಂತ ಫೋನನ್ನು ಹಚ್ಚಿದರೆ ಅದು ನಗುನಗುತ್ತಾ ಚಾರ್ಜ್ ಆಗುತ್ತಿದೆ. ಅಕ್ಕೋರದ್ದನ್ನು ಮತ್ತೆ ಹಚ್ಚಿ ಕಣ್ಣು ಕಿರಿದು ಮಾಡಿ ನೋಡಿದಾಗ ಪರದೆಯ ಮೇಲೆ ಸಣ್ಣ ಅಕ್ಷರ ಕಾಣಿಸಿತು: ಯುಎಸ್‌ಬಿ ಬಳಸಲು ಫೋನಿನ ಲಾಕ್ ತೆಗೆಯಿರಿ.

ನಾನೇ ಹಾಕಿದ ಕೀಲಿ.

ಸಿಮ್ ತೆಗೆದು ನನ್ನ ಫೋನಿಗೆ ಹಾಕಲೇ? ಅದಕ್ಕೂ ಪಿನ್ ಇಡಿಸಿದವಳು ನಾನೇ, ಅಂಕಿ ಗೊತ್ತಿದ್ದದ್ದು ಮಾತ್ರ ಅಕ್ಕೋರಿಗೆ. ಫೋನು ಪೂರ್ತಿ ಬಂದ್ ಮಾಡಿ ಚಾರ್ಜಿಗೆ ಇಡಲೇ? ಅಷ್ಟರಲ್ಲೇ ಯಾರಾದರೂ ಫೋನು ಹಚ್ಚಿ, ಬಂದ್ ಇದೆ ಎಂದು ಮಾಮಾನನ್ನು ಅಲ್ಲೇ ಬಿಟ್ಟು ಹೋದರೆ? ಇದ್ದದ್ದು ಒಂದೇ ದಾರಿ. ನನ್ನ ಫೋನಿನಿಂದ ಚಾಚಾನಿಗೆ ಹಚ್ಚಿದೆ. ಪುಣ್ಯಕ್ಕೆ ಎತ್ತಿದರು. ಹಿಂದೆ ಬಸ್ಸುಗಳ ಗದ್ದಲ, ಬಾಳೆಹಣ್ಣು ಮಾರುವವರ ಕೂಗು. ಬಸ್ ಸ್ಟ್ಯಾಂಡಿನಲ್ಲಿದ್ದರು.

"ಚಾಚಾ, ಅಕ್ಕೋರಿಗೆ ಕೊಡ್ರಿ, ಲಗೂನ!"

"ಸಿಕ್ಕನೇನು?" ಎಂದು ಅಕ್ಕೋರು ಕೂಗಿದರು.

"ಇನ್ನೂ ಇಲ್ರಿ. ನಿಮ್ಮ ಫೋನ್ ಚಾರ್ಜ್ ಆಗವಲ್ದು. ಲಾಕ್ ತಗದ ಹಚ್ಚಿದ್ರನ ಆಗತೈತಿ. ನಿಮ್ಮ ಪಿನ್ ಬೇಕ್ರಿ."

ಆ ಕಡೆ ಕೀಲಿಕೈಗಳು ಝಣ್ ಎಂದವು.

"ನಾನ ಬಂದ ತಗೀತೇನಿ ತಡಿ."

"ನೀವು ಬರೂತನಕ ಅದು ಜೀವಾ ಹಿಡಿಯಂಗಿಲ್ರಿ ಅಕ್ಕೋರ!"

ನನ್ನ ದನಿ ನನಗೇ ಗೊತ್ತಿಲ್ಲದೆ ಏರಿತ್ತು. ಆಮೇಲೆ ಕೇಳಿಸಿದ್ದು ಅಕ್ಕೋರು ಪಿನ್ ಹೇಳಿದ್ದು. ಹೇಳಿದ್ದೆಂದರೇನು, ಕೂಗಿದ್ದು. ಹಾಸ್ಟೆಲ್ಲಿನ ಮೂರನೆಯ ಮಹಡಿಗೆ ಕೇಳುವಂತೆ ಕೂಗಿ ಕೂಗಿ ಗಟ್ಟಿಯಾದ ಗಂಟಲು ಅದು. ಒಂದೊಂದೇ ಅಂಕಿ ಬಿಡಿಸಿ ಬಿಡಿಸಿ ಕೂಗಿದರು. "ಕೇಳ್ತೇನು? ಇಲ್ಲಾಂದ್ರ ಮತ್ತ ಹೇಳ್ತೇನಿ ನೋಡು!" ಎಂದು ಇನ್ನೊಮ್ಮೆ ಕೂಗಿದರು. ತಮ್ಮ ಪಿನ್ನನ್ನು ನನಗೆ ಬೆನ್ನು ತಿರುಗಿಸಿ ಒತ್ತಿದ ಅಕ್ಕೋರು, ಸಿಂದಗಿ ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಅದನ್ನು ಸಾರಿದರು. ಆ ಪಿನ್ ಏನು ಎಂದು ನಾನಿಲ್ಲಿ ಬರೆಯುವುದಿಲ್ಲ. ಬಾಳೆಹಣ್ಣಿನವರಿಗೆ ಗೊತ್ತಿದ್ದರೂ ಬರೆಯುವುದಿಲ್ಲ, ಅದು ಅಕ್ಕೋರದ್ದು.

ಒಂದೊಂದೇ ಅಂಕಿ ಒತ್ತಿದೆ. ಪರದೆ ತೆರೆಯಿತು. ವಾಯರ್ ಕಿತ್ತು ಮತ್ತೆ ಸಿಕ್ಕಿಸಿದೆ. ಟಿಣ್ ಎಂದು ಸಣ್ಣ ಸದ್ದಾಗಿ ಚಾರ್ಜಿನ ಗುರುತು ಬಂತು. ಅಯ್ಯೋ ನನ್ನಪ್ಪಾ, ಆ ಗುರುತು ನೋಡಿ ನನಗಾದ ಸಂತೋಷ ನೌಕರಿಯ ಆರ್ಡರ್ ಬಂದಾಗಲೂ ಆಗಿರಲಿಲ್ಲ. ಮತ್ತೆ ಲಾಕ್ ಬಿದ್ದು ಕೈಕೊಟ್ಟೀತೆಂದು ಹೆದರಿ, ಬೆರಳಿನಿಂದ ಪರದೆಯನ್ನು ಸವರುತ್ತಲೇ ಕೂತೆ, ಕೂಸಿನ ಹಣೆ ಸವರಿದ ಹಾಗೆ.

ಮೊದಲು ಬಂದ ಕರೆ ಯಾವುದೋ ಜಾಹೀರಾತಿನದು. ನನ್ನ ಬಾಯಿಂದ ಬಂದ ಬೈಗುಳವನ್ನು ಆ ರೆಕಾರ್ಡು ಮಾಡಿದ ದನಿ ಕೇಳಿಸಿಕೊಂಡಿರಲಿಕ್ಕಿಲ್ಲ. ಎರಡನೆಯ ಕರೆಯನ್ನು ಮೊದಲ ರಿಂಗಿಗೇ ಎತ್ತಿದೆ.

"ಹಲೋ, ಇಲ್ಲೆ ಮೋರಟಗಿಯಿಂದ್ರಿ, ಹೊಟೇಲದಿಂದ ಮಾತಾಡಾಕತ್ತೇನಿ. ಒಬ್ಬರು ಬಸ್ ಇಳದ ಬಂದ ನಮ್ಮ ಬೆಂಚಿನ ಮ್ಯಾಲೆ ಕುಂತಾರ್ರಿ. ಹೆಸರ ಕೇಳಿದ್ರ ನಗತಾರ, ಊರ ಕೇಳಿದ್ರ ಕಾಲರ್ ತಿರುವಿ ತೋರಸ್ತಾರ. ಅದರಾಗ ಈ ನಂಬರ್ ಇತ್ತು. ಆಗಳೇ ಹಚ್ಚಿದ್ದೆ, ರೇಂಜ್ ಸಿಗಲಿಲ್ಲ."

"ನೀಲಿ ಪಟ್ಟಿ ಅಂಗಿ ಏನ್ರಿ?"

"ಹೌದ್ರಿ, ಹೌದು. ಆರಾಮ ಅದಾರ್ರಿ, ಭಜಿ ತಿನ್ನಾಕತ್ತಾರ. ನೀವ ಅವರಿಗೆ ಏನಾಗಬೇಕ್ರಿ?"

ಏನು ಹೇಳಲಿ? "ನಾ... ಅವರ ಮನ್ಯಾಗ ಬಾಡಿಗಿ ಇರಾಕಿರಿ."

"ಅಂದ್ರ ಮನಿ ಮಂದಿ ಯಾರೂ ಇಲ್ಲೇನ್ರಿ?"

"ಅದಾರ್ರಿ, ಅದಾರ! ಅವರ ಅಕ್ಕ ಈಗ ಬರ್ತಾರ. ಅವರನ್ನ ಎಲ್ಲೂ ಬಿಡಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ."

ಚಾಚಾನಿಗೆ ಹಚ್ಚಿ ಸುದ್ದಿ ಮುಟ್ಟಿಸಿದೆ. ಆಮೇಲೆ ಬಾಗಿಲು ಮುಚ್ಚಿಕೊಂಡು ಮನಸ್ಸು ಹಗುರಾಗುವಷ್ಟು ಅತ್ತೆ.

ಅವರು ಮೋರಟಗಿಯಿಂದ ಬಂದದ್ದು ಬಸ್ಸಿನಲ್ಲಿ. ಮಾಮಾ ಮೊಪೆಡ್ ಹತ್ತಲು ಸುತಾರಾಂ ಒಪ್ಪಲಿಲ್ಲವಂತೆ. ಓಣಿಯ ತಿರುವಿನಲ್ಲಿ ಝಣಝಣ ಕೇಳಿದೊಡನೆ ನಾನು ಗೇಟಿಗೆ ಓಡಿದೆ. ಅಕ್ಕೋರು ತಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಅಕ್ಕಾ, ಬಸ್ಸು" ಎಂದು ಮಾಮಾ ನನಗೂ ವರದಿ ಒಪ್ಪಿಸಿದರು. ಅಕ್ಕೋರು ಅವರ ಬೆನ್ನಿಗೆ ಒಂದು ಗುದ್ದಿದರು, ಮರುಗಳಿಗೆ ಅದೇ ಬೆನ್ನಿಗೆ ಮುಖವಿಟ್ಟು ಅತ್ತುಬಿಟ್ಟರು. ಮಾಮಾ ಗಾಬರಿಯಾಗಿ, ಅಕ್ಕನನ್ನು ಸಮಾಧಾನ ಮಾಡಲು ತಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದರು: ಕಾಲರ್ ತಿರುವಿ ತೋರಿಸಿದರು.

"ಶಾಣ್ಯಾ ಇದ್ದೀಯಪ್ಪಾ, ಶಾಣ್ಯಾ" ಎಂದು ಅಕ್ಕೋರು ಅಳುತ್ತಲೇ ನಕ್ಕರು. ಅವತ್ತು ಉಂಡಿಯ ಡಬ್ಬಿಯೇ ಮಾಮಾನ ಕೈಗೆ ಬಂತು.

ಹಿಂದಿನಿಂದ ಮೊಪೆಡ್ ಮೇಲೆ ಬಂದ ಚಾಚಾ ಗೇಟಿನಲ್ಲಿ ನಿಂತು ಛೇಡಿಸಿದರು.

"ಅಕ್ಕೋರ, ನಿಮ್ಮ ಪಿನ್ ಇಡೀ ಸ್ಟ್ಯಾಂಡಿಗೆ ಬಾಯಿಪಾಠ ಆತ್ರಿ."

"ಆಗಲೇಳ್ರಿ ಚಾಚಾ. ನಾಳೆ ಬದಲಿ ಮಾಡಿದ್ರ ಆತು."

ಬದಲಿ ಮಾಡಿದರು ಕೂಡ. ಮರುದಿನ ಬೆಳಿಗ್ಗೆ ಫೋನು ಹಿಡಿದು ಮೇಲೆ ಬಂದರು. ಆ ಯುಎಸ್‌ಬಿಯ ಕೀಲಿ ತೆಗೆದುಬಿಡಲೇ ಎಂದು ನಾನು ಕೇಳಿದೆ.

"ಬ್ಯಾಡ, ಇರಲಿ. ಹೆಂಗ ತಗೀಬೇಕಂತ ಈಗ ಇಬ್ಬರಿಗೂ ಗೊತ್ತೈತಲ್ಲ" ಎಂದರು. ಈ ಸಲ ಬೆನ್ನು ತಿರುಗಿಸಲಿಲ್ಲ. ನನ್ನ ಪಕ್ಕದಲ್ಲೇ ಕೂತು, ನಾನು ನೋಡುತ್ತಿರುವಂತೆಯೇ ಹೊಸ ಪಿನ್ ಒತ್ತಿದರು. ಆಮೇಲೆ ಸೊಂಟದಿಂದ ಸೂಜಿ ಮತ್ತು ನೀಲಿ ದಾರದ ಉಂಡೆ ತೆಗೆದರು.

"ನಿನ್ನ ನಂಬರ್ ಹೇಳವಾ."

"ಇಬ್ಬರಿಗೆ ಹೇಳಿದ ಕೆಲಸ ಆಗಂಗಿಲ್ಲ ಅಂತಿದ್ರೆಲ್ರಿ?"

"ನಾಲಿಗಿ ಬಾಳ ಉದ್ದ ಆಗೈತಿ ನಿಂದು. ಹೇಳ್ತೀಯೋ ಇಲ್ಲೋ?"

ಹೇಳಿದೆ. ಅವತ್ತಿನಿಂದ ಮಾಮಾನ ಪ್ರತಿ ಕಾಲರಿನಲ್ಲೂ ಕೆಂಪು ನಂಬರಿನ ಕೆಳಗೆ ನೀಲಿ ನಂಬರು ಬಂತು.

ಹೋದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಹಾಸಿಗೆ ಹಿಡಿದು ನರಳಲಿಲ್ಲ, ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಬಾಗೇವಾಡಿಯ ಹುಡುಗಿ ಮಾಮಾನನ್ನು ತನ್ನ ಮನೆಗೆ ಕರೆದೊಯ್ದಳು. ಅವಳ ಮನೆ ಬಸ್ ಸ್ಟ್ಯಾಂಡಿಗೆ ಹತ್ತಿರವೆಂದು ಮಾಮಾನಿಗೆ ಹಿಗ್ಗು, ಅವಳಿಗೆ ಹೆದರಿಕೆ. ಅಕ್ಕೋರ ಕೀಲಿಕೈಗಳಲ್ಲಿ ಒಂದಷ್ಟನ್ನು ಅವಳೂ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ, ಮಾಮಾ ಆ ಸದ್ದಿಗೆ ಬರುತ್ತಾರೆ. ಕೆಂಪು ನಂಬರನ್ನು ಬಿಚ್ಚಿ ತನ್ನದನ್ನು ಹೊಲಿಯಲು ಹೋದರೆ ಮಾಮಾ ಕಾಲರನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಕೂತರಂತೆ.

"ಇರಲಿ ಬಿಡು" ಎಂದೆ ನಾನು. "ಅಕ್ಕೋರ ಫೋನ್ ನನ್ನ ಕಡೆ ಇರಲಿ."

ಹೇಗೂ ಪಿನ್ ಗೊತ್ತಿದ್ದವಳು ನಾನೊಬ್ಬಳೇ. ಈಗ ನಾನು ಎರಡು ಫೋನು ಇಟ್ಟುಕೊಂಡು ತಿರುಗುವವಳು. ಸ್ಟಾಫ್ ರೂಮಿನಲ್ಲಿ ನಗುತ್ತಾರೆ, ನಗಲಿ. ಅಕ್ಕೋರ ಫೋನು ನನ್ನ ಲ್ಯಾಪ್‌ಟಾಪಿನ ಪಕ್ಕದಲ್ಲೇ ಇರುತ್ತದೆ. ಮೊದಲು ಪಿನ್ ಒತ್ತುತ್ತೇನೆ, ಆಮೇಲೆ ವಾಯರ್ ಹಚ್ಚುತ್ತೇನೆ. ಆ ಸೆಟ್ಟಿಂಗನ್ನು ನಾನು ಇವತ್ತಿಗೂ ತೆಗೆದಿಲ್ಲ.

ಮೊನ್ನೆ ಪಾಠ ಮುಗಿಸಿ ಬಂದು ಕೂತಿದ್ದೆ, ಆ ಫೋನು ಹೊಡೆದುಕೊಂಡಿತು. ಯಾರೋ ಹೆಣ್ಣುಮಗಳ ದನಿ.

"ಬಾಗೇವಾಡಿ ಬಸ್ ಸ್ಟ್ಯಾಂಡಿನಿಂದ್ರಿ. ಇಲ್ಲೊಬ್ಬರು ಕುಂತಾರ. ಮಾತಾಡ್ಸಿದ್ರ ಕಾಲರ್ ತೋರಸ್ತಾರ. ಎರಡ ನಂಬರ್ ಅದಾವ್ರಿ, ಮೊದಲ ಕೆಂಪಂದಕ್ಕ ಹಚ್ಚಿದೆ."

"ಚೊಲೋ ಮಾಡಿದ್ರಿ ಅವ್ವಾರ. ಅಲ್ಲೇ ಕುಂಡ್ರಿಸಿಕೊಂಡಿರ್ರಿ, ಮನಿ ಹತ್ತಿರನ ಐತಿ. ಈಗ ಬಂದ ಕರಕೊಂಡ ಹೋಗ್ತಾರ."

"ಆತ್ರಿ. ನೀವ ಇವರಿಗೆ ಏನಾಗಬೇಕ್ರಿ?"

ಈ ಸಲ ನಾನು ತಡವರಿಸಲಿಲ್ಲ.

"ಅಕ್ಕ ಆಗಬೇಕ್ರಿ" ಎಂದೆ.